ಎಷ್ಟು ಸಿಸಿ ಎಂದು ಕೇಳುವ ಮೊದಲು

1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಧರ್ಮಾಸ್ಪತ್ರೆಯೊಂದಕ್ಕೆ ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆ ಬಂದದ್ದು ಎದೆಯ ಮೇಲಿನ ಹಚ್ಚೆ ಅಳಿಸಿಕೊಳ್ಳಲು. ಆರು ಮಕ್ಕಳ ತಾಯಿ. ಅಲ್ಲಿನ ಸರ್ಜನ್‌ಗಳಾದ ಫ್ರಾಂಕ್ ಜೆರೊ ಮತ್ತು ಥಾಮಸ್ ಕ್ರೋನಿನ್, ಸಿಲಿಕೋನ್ ಜೆಲ್ ತುಂಬಿದ ಹೊಸ ಚೀಲವನ್ನು ಸ್ತನದೊಳಗೆ ಇಟ್ಟು ನೋಡಲು ಮೊದಲ ಮಹಿಳೆಯನ್ನು ಹುಡುಕುತ್ತಿದ್ದರು. ಆಕೆಯನ್ನೇ ಕೇಳಿದರು. ತನಗೆ ಎದೆಯ ಚಿಂತೆಗಿಂತ ಮುಂಚಾಚಿದ ಕಿವಿಗಳದ್ದೇ ಚಿಂತೆ, ಅವನ್ನು ಸರಿಮಾಡಿಸಿಕೊಂಡರೆ ಸಾಕು ಎಂಬ ಮನಸ್ಸು ಆಕೆಗೆ. ಕೊನೆಗೆ ಎರಡನ್ನೂ ಮಾಡುವುದೆಂದು ಮಾತಾಯಿತು. ಜಗತ್ತಿನ ಮೊದಲ ಸಿಲಿಕೋನ್ ಇಂಪ್ಲಾಂಟ್ ಹೀಗೆ, ಬೇಡದೆ ಬಂದ ವರದಂತೆ, ಒಬ್ಬ ಹೆಣ್ಣಿನ ಮೈಯೊಳಗೆ ಸೇರಿತು.

ಇಂದಿನ ಪರಿಸ್ಥಿತಿ ಮೇಲ್ನೋಟಕ್ಕೆ ಇದರ ತದ್ವಿರುದ್ಧ. ಕಂಪನಿಗಳ ಕ್ಯಾಟಲಾಗಿನಲ್ಲಿ ನೂರಾರು ಬಗೆಗಳಿವೆ. ನೂರು ಸಿಸಿಯ (ಘನ ಸೆಂಟಿಮೀಟರ್) ಆಸುಪಾಸಿನಿಂದ ಎಂಟುನೂರರವರೆಗೆ ಗಾತ್ರ, ಗುಂಡು ಅಥವಾ ಹನಿಯಾಕಾರ, ಕಡಿಮೆ, ಮಧ್ಯಮ, ಎತ್ತರದ ಪ್ರೊಫೈಲ್ (ಮುಂದಕ್ಕೆ ಉಬ್ಬುವ ಪ್ರಮಾಣ), ನಯವಾದ ಅಥವಾ ಒರಟಾದ ಮೈ. ಬೇಕಾದದ್ದನ್ನು ಹೆಣ್ಣೇ ಆರಿಸಿಕೊಳ್ಳಬಹುದು. ಆದರೆ ಆಯ್ಕೆಗಳು ಹೆಚ್ಚಾದ ಮಾತ್ರಕ್ಕೆ ಆಯ್ಕೆಯ ಅಧಿಕಾರವೂ ಹೆಚ್ಚಾಯಿತೆಂದು ಹೇಳಲಾಗದು. ಸ್ತನ ಇಂಪ್ಲಾಂಟಿನ ಗಾತ್ರದ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಮೈ ಎಷ್ಟನ್ನು ತಾಳಬಲ್ಲದು ಎಂಬುದು ಒಂದು. ಅದರ ಮಿತಿಯೊಳಗೆ ನನಗೆ ಯಾವುದು ಇಷ್ಟ ಎಂಬುದು ಇನ್ನೊಂದು. ಮೊದಲನೆಯದನ್ನು ಅಳತೆಪಟ್ಟಿ ಹೇಳಬೇಕು, ಎರಡನೆಯದನ್ನು ಆ ಹೆಣ್ಣು ಮಾತ್ರ ಹೇಳಬೇಕು. ಈಗ ಆಗುತ್ತಿರುವುದು ಅದಲುಬದಲು. ಮಿತಿಯನ್ನು ಮೊಬೈಲಿನಲ್ಲಿ ಕಂಡ ಚಿತ್ರ ನಿರ್ಧರಿಸುತ್ತದೆ, ಇಷ್ಟವನ್ನು ಗಂಡನೋ ಸರ್ಜನ್ನೋ ಸಿನಿಮಾದವರೋ ನಿರ್ಧರಿಸುತ್ತಾರೆ. ಮುಂದಿನ ತೊಂದರೆಗಳಲ್ಲಿ ಬಹುಪಾಲಿನ ಬೇರು ಈ ಅದಲುಬದಲಿನಲ್ಲಿದೆ ಎಂಬುದು ನನ್ನ ವಾದ.

ಮಾತು ಸಾಮಾನ್ಯವಾಗಿ ಶುರುವಾಗುವುದೇ ತಪ್ಪು ಅಳತೆಯಿಂದ. “ಡಾಕ್ಟ್ರೇ, ನನಗೆ ಸಿ ಕಪ್ ಬೇಕು” ಎನ್ನುತ್ತಾರೆ. ಕಪ್ಪಿನ ಎ, ಬಿ, ಸಿ ಅಕ್ಷರಗಳು 1930ರ ದಶಕದಲ್ಲಿ ಅಮೆರಿಕದ ಒಳಉಡುಪು ತಯಾರಕರು ಮಾರಾಟದ ಅನುಕೂಲಕ್ಕೆ ತಂದವು. ಅದೊಂದು ಸ್ಥಿರವಾದ ಮಾನವೇ ಅಲ್ಲ. ಬ್ರಾ ಪಟ್ಟಿಯ ಸುತ್ತಳತೆ ಬದಲಾದರೆ ಅದೇ ಅಕ್ಷರದ ಕಪ್ಪಿನಲ್ಲಿ ಹಿಡಿಯುವ ಗಾತ್ರವೂ ಬದಲಾಗುತ್ತದೆ. 32ರ ಸಿ ಬೇರೆ, 38ರ ಸಿ ಬೇರೆ. ಒಂದು ಕಂಪನಿಯ ಬಿ ಇನ್ನೊಂದರ ಸಿ ಆಗಿರುತ್ತದೆ. ಹೀಗಾಗಿ ಎಚ್ಚರವುಳ್ಳ ಸರ್ಜನ್ ಯಾರೂ ಇಂಥದೇ ಕಪ್ ಬರುತ್ತದೆಂದು ಮಾತು ಕೊಡುವುದಿಲ್ಲ. ಮಾತು ಕೊಟ್ಟರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಕಪ್ ಬಿಟ್ಟು ಸಿಸಿಗೆ ಬಂದರೂ ಸಮಸ್ಯೆ ತೀರದು. ಗೆಳತಿಗೆ 300 ಸಿಸಿ ಚೆನ್ನಾಗಿ ಒಪ್ಪಿತು, ನನಗೂ ಅಷ್ಟೇ ಇರಲಿ ಎನ್ನುವವರಿದ್ದಾರೆ. ಸಿಸಿ ಎಂದರೆ ಚೀಲದೊಳಗಿನ ಗಾತ್ರ ಮಾತ್ರ. ಅಗಲ ಎದೆಗೂಡಿನ, ಮೊದಲೇ ಸ್ವಲ್ಪ ಮೈತುಂಬಿದ ಹೆಂಗಸಿನಲ್ಲಿ ಆ 300 ಸಿಸಿ ಕಂಡೂ ಕಾಣದಂತಿರಬಹುದು. ಸಣ್ಣ ಎದೆಗೂಡಿನ ಹುಡುಗಿಯಲ್ಲಿ ಅದೇ ಗಾತ್ರ ಕಂಕುಳಿನತ್ತ ಚಾಚಬಹುದು. ಸಾಲದ್ದಕ್ಕೆ ಅದೇ 300 ಸಿಸಿ ಕಡಿಮೆ ಪ್ರೊಫೈಲಿನ ಇಂಪ್ಲಾಂಟಿನಲ್ಲಿ ಅಗಲವಾಗಿ, ಚಪ್ಪಟೆಯಾಗಿ ಕೂರುತ್ತದೆ. ಎತ್ತರದ ಪ್ರೊಫೈಲಿನಲ್ಲಿ ಬುಡ ಕಿರಿದಾಗಿ ಮುಂದಕ್ಕೆ ಉಬ್ಬುತ್ತದೆ. ಸಂಖ್ಯೆ ಒಂದೇ ಇದ್ದರೂ ಮೈಮೇಲೆ ಕಾಣುವುದು ಎರಡು ಬೇರೆ ಬೇರೆ ಎದೆಗಳು.

ಹಾಗಾದರೆ ಯಾವುದನ್ನು ಅಳೆಯಬೇಕು? ಅಮೆರಿಕದ ಡಲ್ಲಾಸಿನ ಸರ್ಜನ್ ಜಾನ್ ಟೆಬೆಟ್ಸ್ ಮತ್ತು ವಿಲಿಯಂ ಆಡಮ್ಸ್ 2005ರಲ್ಲಿ ಪ್ರಕಟಿಸಿದ ಪದ್ಧತಿಯೊಂದು ಈ ಪ್ರಶ್ನೆಯನ್ನು ಐದು ಅಳತೆ, ಐದು ತೀರ್ಮಾನಗಳಿಗೆ ಇಳಿಸಿತು. ಅದರ ತಿರುಳು ಸರಳ. ಮೊದಲು ಸ್ತನದ ಬುಡದ ಅಗಲ. ಇಂಪ್ಲಾಂಟಿನ ಬುಡ ಅದಕ್ಕಿಂತ ಅಗಲವಾಗಬಾರದು. ಎರಡನೆಯದು, ಸ್ತನದ ಮೇಲ್ಭಾಗದಲ್ಲಿ ಚರ್ಮ ಮತ್ತು ಕೊಬ್ಬನ್ನು ಬೆರಳಲ್ಲಿ ಚಿವುಟಿ ಹಿಡಿದಾಗ ಸಿಗುವ ದಪ್ಪ. ಅದು 2 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಇಂಪ್ಲಾಂಟಿನ ಅಂಚು ಹೊರಗೆ ಕಾಣುವ ಅಪಾಯವಿದೆ, ಆದ್ದರಿಂದ ಅದನ್ನು ಎದೆಯ ಸ್ನಾಯುವಿನ ಅಡಿಗೆ ಇಡುವುದು ಮೇಲು. ಮೂರನೆಯದು, ಚರ್ಮವನ್ನು ಮುಂದಕ್ಕೆ ಎಳೆದರೆ ಎಷ್ಟು ಬರುತ್ತದೆ ಎಂಬುದು. ನಾಲ್ಕನೆಯದು, ಮೊಲೆತೊಟ್ಟಿನಿಂದ ಸ್ತನದ ಕೆಳಗಿನ ಮಡಿಕೆಯವರೆಗಿನ ದೂರ. ಐದನೆಯದು, ಸ್ತನದ ಚರ್ಮದ ಹೊದಿಕೆಯೊಳಗನ್ನು ತುಂಬಲು ಈಗಾಗಲೇ ಇರುವ ಸ್ವಂತ ಸ್ತನದ ಅಂಶ ಎಷ್ಟೆಂಬ ಅಂದಾಜು. ಈ ಐದರಿಂದ ಆ ಮೈಗೆ ಸಲ್ಲುವ ಗಾತ್ರದ ಒಂದು ವ್ಯಾಪ್ತಿ ಸಿಗುತ್ತದೆ. ಎಲ್ಲ ಸರ್ಜನ್‌ಗಳೂ ಇದೇ ಸೂತ್ರವನ್ನು ಅಕ್ಷರಶಃ ಪಾಲಿಸುವುದಿಲ್ಲ. ಆದರೆ ಬುಡದ ಅಗಲ ಮತ್ತು ಮೇಲಿನ ಹೊದಿಕೆಯ ದಪ್ಪವನ್ನು ಅಳೆಯದೆ ಗಾತ್ರ ಹೇಳುವವರು ಊಹೆಯಿಂದ ಹೇಳುತ್ತಿದ್ದಾರೆ ಎನ್ನಲು ಅಡ್ಡಿಯಿಲ್ಲ.

ಆ ವ್ಯಾಪ್ತಿಯನ್ನು ಮೀರಿದರೆ ಆಗುವುದೇನು? ಮೊದಲ ವರ್ಷ ಏನೂ ಆಗದಿರಬಹುದು, ಫೋಟೋ ಚೆನ್ನಾಗಿಯೇ ಬರಬಹುದು. ಆದರೆ ಸಿಲಿಕೋನ್ ಜೆಲ್ಲಿನ ತೂಕ ಸಿಸಿಗೆ ಹೆಚ್ಚೂಕಡಿಮೆ ಒಂದು ಗ್ರಾಂ. 500 ಸಿಸಿಯ ಜೋಡಿ ಎಂದರೆ ಎದೆಯ ಮೇಲೆ ಹಗಲೂ ರಾತ್ರಿ ಒಂದು ಕಿಲೋ. ಆ ಭಾರಕ್ಕೆ ಚರ್ಮ ಹಿಗ್ಗುತ್ತದೆ, ಒಳಗಿನ ಸ್ವಂತ ಅಂಗಾಂಶ ತೆಳುವಾಗುತ್ತದೆ, ಇಂಪ್ಲಾಂಟಿನ ಸುಕ್ಕುಗಳು ಚರ್ಮದ ಮೇಲೆ ಅಲೆಅಲೆಯಾಗಿ ಕಾಣತೊಡಗುತ್ತವೆ. ಕೆಳಗಿನ ಮಡಿಕೆ ಸೋತು ಇಂಪ್ಲಾಂಟ್ ಜಾರಿ, ಮೊಲೆತೊಟ್ಟು ಮೇಲ್ಮುಖವಾಗುತ್ತದೆ. ಬುಡದ ಅಗಲ ಮೀರಿದರೆ ಎರಡೂ ಸ್ತನಗಳು ನಡುವೆ ಕೂಡಿಕೊಂಡುಬಿಡಬಹುದು. ಇದನ್ನೆಲ್ಲ ಸರಿಪಡಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಕಷ್ಟ. ಇಂಪ್ಲಾಂಟನ್ನು ತೆಗೆದುಹಾಕಬಹುದು, ಹಿಗ್ಗಿದ ಚರ್ಮವನ್ನೂ ತೆಳುವಾದ ಅಂಗಾಂಶವನ್ನೂ ಮೊದಲಿನಂತೆ ಮಾಡಲಾಗದು. ಗಾತ್ರದ ತಪ್ಪು ಬಟ್ಟೆಯ ಅಳತೆಯ ತಪ್ಪಿನಂತಲ್ಲ, ಬಿಚ್ಚಿ ಹೊಲಿಯಲು ಇಲ್ಲಿ ಹೆಚ್ಚುವರಿ ಅರಿವೆ ಬಿಟ್ಟಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಗಾತ್ರದ ಬಗ್ಗೆ ಅಸಮಾಧಾನಪಟ್ಟು ಮರಳಿ ಬರುವವರಲ್ಲಿ ಚಿಕ್ಕದಾಗಬೇಕಿತ್ತು ಎನ್ನುವವರಿಗಿಂತ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು ಎನ್ನುವವರೇ ಹೆಚ್ಚು ಎಂದು ಅನೇಕ ಸರ್ಜನ್‌ಗಳು ಹೇಳುತ್ತಾರೆ. ಹಾಗಿದ್ದಲ್ಲಿ ಮೊದಲೇ ಒಂದು ಮೆಟ್ಟಿಲು ಮೇಲಿನದನ್ನು ಇಟ್ಟರೆ ಎರಡನೇ ಶಸ್ತ್ರಚಿಕಿತ್ಸೆ ತಪ್ಪುತ್ತದಲ್ಲವೇ? ಗಾತ್ರ ಬದಲಿಸುವ ಬಯಕೆ ಮರುಶಸ್ತ್ರಚಿಕಿತ್ಸೆಯ ಮುಖ್ಯ ಕಾರಣಗಳಲ್ಲೊಂದು ಎಂಬುದು ನಿಜ. ಆದರೆ ಆ ಬಯಕೆ ಹುಟ್ಟುವ ಬಗೆಯನ್ನೂ ನೋಡಬೇಕು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಬಾವು ಇರುತ್ತದೆ, ಸ್ನಾಯು ಬಿಗಿದಿರುತ್ತದೆ, ಇಂಪ್ಲಾಂಟ್ ಎತ್ತರದಲ್ಲಿ ಕೂತಿರುತ್ತದೆ. ತಿಂಗಳುಗಳು ಕಳೆದಂತೆ ಅದು ಕೆಳಗಿಳಿದು ಮೆತ್ತಗಾಗುತ್ತದೆ, ಬಾವಿನ ಗಾತ್ರ ಕರಗುತ್ತದೆ. ಅಷ್ಟರಲ್ಲಿ ಕಣ್ಣು ಹೊಸ ರೂಪಕ್ಕೆ ಒಗ್ಗಿಹೋಗಿರುತ್ತದೆ. ಒಗ್ಗಿದ ಕಣ್ಣಿಗೆ ಯಾವ ಗಾತ್ರವೂ ಕಡಿಮೆಯೇ. ಇದು ಆಸೆಯ ಸ್ವಭಾವ, ಇಂಪ್ಲಾಂಟಿನ ದೋಷವಲ್ಲ. ಆಸೆಯ ಬೆನ್ನುಹತ್ತಿ ಗಾತ್ರ ಏರಿಸಿದರೆ ಅಸಮಾಧಾನ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ, ಕಡಿಮೆಯಾಗುವುದಿಲ್ಲ. ಆದ್ದರಿಂದ ಮೈ ಕೊಟ್ಟ ವ್ಯಾಪ್ತಿಯೊಳಗೆ ಮೇಲಿನ ತುದಿಯನ್ನು ಒಬ್ಬಾಕೆ ಆರಿಸಿಕೊಂಡರೆ ಅದು ಆಕೆಯ ಹಕ್ಕು. ವ್ಯಾಪ್ತಿಯ ಆಚೆಗೆ ಹೋಗಲು ಮಾತ್ರ ಈ ವಾದ ಸಾಲದು.

ಬ್ರಾದೊಳಗೆ ಅಕ್ಕಿ ತುಂಬಿದ ಚೀಲ ಇಟ್ಟು ನೋಡುವುದು, ಕ್ಲಿನಿಕ್ಕಿನ ಮಾದರಿ ಇಂಪ್ಲಾಂಟ್ ತೊಟ್ಟು ಕನ್ನಡಿ ಮುಂದೆ ನಿಲ್ಲುವುದು, ಕಂಪ್ಯೂಟರಿನ ಮೂರು ಆಯಾಮದ ಚಿತ್ರ ನೋಡುವುದು ಇವೆಲ್ಲ ಉಪಯುಕ್ತವೇ. ಆದರೆ ಅವು ಎರಡನೇ ಪ್ರಶ್ನೆಯ, ಅಂದರೆ ಇಷ್ಟದ ಪ್ರಶ್ನೆಯ ಸಾಧನಗಳು. ಕಂಪ್ಯೂಟರಿನ ಚಿತ್ರದಲ್ಲಿ ಚರ್ಮ ದಣಿಯುವುದಿಲ್ಲ, ಹತ್ತು ವರ್ಷ ಕಳೆಯುವುದಿಲ್ಲ.

ಗಾತ್ರದಷ್ಟೇ ಗೊಂದಲ ಆಕಾರದ್ದು. ಹನಿಯಾಕಾರದ್ದು ಸಹಜವಾಗಿ ಕಾಣುತ್ತದೆ, ಗುಂಡಾದದ್ದು ಕೃತಕವಾಗಿ ಕಾಣುತ್ತದೆ ಎಂಬ ಮಾತು ಬಹುಕಾಲ ಓಡಿತು, ಹನಿಯಾಕಾರದ್ದಕ್ಕೆ ಬೆಲೆಯೂ ಹೆಚ್ಚು. ನ್ಯೂಯಾರ್ಕಿನ ಸರ್ಜನ್ ಡೇವಿಡ್ ಹಿಡಾಲ್ಗೊ ಇದನ್ನು ನೇರವಾಗಿ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಒಬ್ಬಾಕೆಯ ಒಂದು ಸ್ತನದಲ್ಲಿ ಗುಂಡು, ಇನ್ನೊಂದರಲ್ಲಿ ಹನಿಯಾಕಾರದ ಇಂಪ್ಲಾಂಟ್ ಇಟ್ಟು ಫೋಟೋ ತೆಗೆದು ನೋಡುಗರ ಮುಂದಿಟ್ಟರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹನಿಯಾಕಾರಕ್ಕೆ ಹೇಳಿಕೊಳ್ಳುವಂಥ ಮೇಲುಗೈ ಸಿಗಲಿಲ್ಲ. ಎಷ್ಟೋ ಫೋಟೋಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ಊಹಿಸಬಹುದು. ನಿಂತ ಭಂಗಿಯಲ್ಲಿ ಗುಂಡು ಇಂಪ್ಲಾಂಟಿನ ಜೆಲ್ಲೂ ಕೆಳಕ್ಕಿಳಿಯುತ್ತದೆ, ಮೇಲಿನ ಸ್ನಾಯು ಮತ್ತು ಸ್ವಂತ ಅಂಗಾಂಶವೇ ಅದಕ್ಕೆ ಇಳಿಜಾರು ಕೊಡುತ್ತವೆ. ಮೇಲೆ ಹೊದಿಕೆ ತೀರ ತೆಳುವಾಗಿರುವಲ್ಲಿ, ಸ್ತನವನ್ನೇ ಕಳೆದುಕೊಂಡವರಲ್ಲಿ ಹನಿಯಾಕಾರಕ್ಕೆ ಒಂದು ಸ್ಥಾನವಿದೆ. ಉಳಿದ ಬಹುಪಾಲು ಮಂದಿಗೆ ಅದು ಅನಿವಾರ್ಯವಲ್ಲ.

ಆಕಾರದ ಈ ಆಯ್ಕೆಯ ಬೆನ್ನಿಗೆ ಕ್ಯಾಟಲಾಗಿನಲ್ಲಿ ಎದ್ದು ಕಾಣದ ಇನ್ನೊಂದು ಆಯ್ಕೆ ಅಂಟಿಕೊಂಡಿದೆ. ಗುಂಡು ಇಂಪ್ಲಾಂಟ್ ಒಳಗೆ ತಿರುಗಿದರೂ ಗುಂಡಾಗಿಯೇ ಇರುತ್ತದೆ. ಹನಿಯಾಕಾರದ್ದು ತಿರುಗಿದರೆ ಎದೆಯ ಆಕಾರವೇ ಕೆಡುತ್ತದೆ. ಅದು ಅಲುಗದಂತೆ ಅಂಗಾಂಶಕ್ಕೆ ಕಚ್ಚಿಕೊಳ್ಳಲೆಂದು ಅದರ ಮೈಯನ್ನು ಒರಟು ಮಾಡುತ್ತಾರೆ. ಆ ಒರಟು ಮೈಗೂ ಇಂಪ್ಲಾಂಟಿನ ಸುತ್ತ ಬೆಳೆಯುವ ಕವಚದಲ್ಲಿ ಹುಟ್ಟುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೂ ನಂಟಿದೆ. ಇಂಪ್ಲಾಂಟಿಗೂ ಈ ಕ್ಯಾನ್ಸರಿಗೂ ನಂಟಿರಬಹುದು ಎಂಬ ಶಂಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎತ್ತಿತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು. 2019ರ ಜುಲೈ ಹೊತ್ತಿಗೆ ಎಫ್‌ಡಿಎಗೆ ತಿಳಿದುಬಂದಿದ್ದ ಪ್ರಕರಣಗಳು ಜಗತ್ತಿನಾದ್ಯಂತ 573, ಸಾವು 33. ಆ ಪ್ರಕರಣಗಳಲ್ಲಿ 481 ಅಲರ್ಗನ್ ಕಂಪನಿಯ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಕಂಡವು. ಕಂಪನಿ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸು ಪಡೆಯಬೇಕಾಯಿತು. ಲಕ್ಷಾಂತರ ಮಂದಿ ಹಾಕಿಸಿಕೊಂಡವರ ಲೆಕ್ಕದಲ್ಲಿ ಇದು ಅಪರೂಪದ ಕಾಯಿಲೆ. ಬೇಗ ಗೊತ್ತಾದರೆ ಇಂಪ್ಲಾಂಟನ್ನೂ ಕವಚವನ್ನೂ ತೆಗೆದಾಗ ಹೆಚ್ಚಿನವರು ಗುಣವಾಗುತ್ತಾರೆ. ಹೆದರಿಸುವುದು ನನ್ನ ಉದ್ದೇಶವಲ್ಲ. ಅಂದಕ್ಕೆಂದು ಆಕಾರ ಆರಿಸಿದಾಕೆ ತನಗರಿವಿಲ್ಲದೆ ಒಂದು ಅಪಾಯವನ್ನೂ ಆರಿಸಿಕೊಂಡಿದ್ದಳು ಎಂಬುದು ಇಲ್ಲಿ ಮುಖ್ಯ. ಅರಿವಿಲ್ಲದ್ದನ್ನು ಆಯ್ಕೆ ಎನ್ನಲು ಬರುವುದಿಲ್ಲ.

ಚೀಲದೊಳಗಿನ ವಸ್ತುವಿನ ಕತೆಯೂ ಹೀಗೆಯೇ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಸಿಲಿಕೋನಿನ ಬದಲು ಕೈಗಾರಿಕೆಯ ಅಗ್ಗದ ಸಿಲಿಕೋನ್ ತುಂಬುತ್ತಿದ್ದುದು 2010ರಲ್ಲಿ ಬಯಲಾಯಿತು. ಅದರ ಸ್ಥಾಪಕ ಜಾನ್ ಕ್ಲಾದ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷದ ಜೈಲುಶಿಕ್ಷೆಯಾಯಿತು. ಅಷ್ಟರಲ್ಲಿ ಹಲವು ದೇಶಗಳ ಲಕ್ಷಾಂತರ ಹೆಂಗಸರ ಎದೆಯೊಳಗೆ ಅದು ಸೇರಿಹೋಗಿತ್ತು. ಇಂಪ್ಲಾಂಟಿನ ಕಂಪನಿ, ಮಾದರಿ, ಸಂಖ್ಯೆ ಬರೆದಿರುವ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನ ಮಾಡಬೇಕಾದದ್ದು ಇದಕ್ಕೇ.

ಇನ್ನು ಆದರ್ಶದ ಮಾತು. ಲಂಡನ್ನಿನ ಸರ್ಜನ್ ಪ್ಯಾಟ್ರಿಕ್ ಮಲೂಚಿ ನೂರು ಮಾಡೆಲ್‌ಗಳ ಚಿತ್ರಗಳನ್ನು ಅಳೆದು, ಮೊಲೆತೊಟ್ಟಿನ ಮೇಲಿನ ಭಾಗ 45, ಕೆಳಗಿನದು 55ರ ಪ್ರಮಾಣದಲ್ಲಿದ್ದರೆ ಕಣ್ಣಿಗೆ ಹಿತ ಎಂಬ ಸೂತ್ರ ಮುಂದಿಟ್ಟರು. ಜನರಿಗೆ ಚಿತ್ರ ತೋರಿಸಿ ಕೇಳಿದಾಗಲೂ ಅದೇ ಗೆದ್ದಿತು ಎಂದು 2014ರಲ್ಲಿ ಬರೆದರು. ಈಗ ನಮ್ಮ ಬೇಲೂರಿಗೆ ಬನ್ನಿ. ಚೆನ್ನಕೇಶವ ದೇವಾಲಯದ ಮದನಿಕೆಯರ ಎದೆ ಮೇಲೂ ಕೆಳಗೂ ಒಂದೇ ಸಮ ತುಂಬಿದ ಗುಂಡು, ನಡುವೆ ಎಡೆಯೇ ಇಲ್ಲ. ಹನ್ನೆರಡನೇ ಶತಮಾನದ ಹೊಯ್ಸಳ ಶಿಲ್ಪಿಗೆ ಅದು ಚೆಲುವು, ಇಪ್ಪತ್ತೊಂದನೇ ಶತಮಾನದ ಲಂಡನ್ನಿಗೆ ಅದು ಅತಿ. ಎರಡೂ ಆಯಾ ಕಾಲದ, ಆಯಾ ಊರಿನ ಕಣ್ಣು. ಬಳಪದ ಕಲ್ಲಿಗೆ ಎದೆಗೂಡಿನ ಅಗಲದ ಹಂಗಿಲ್ಲ, ಬಸಿರು ಬಾಣಂತನವಿಲ್ಲ, ಇಳಿವಯಸ್ಸಿಲ್ಲ. ಫೋಟೋದ ಮಾಡೆಲ್ಲಿಗೂ ಆ ಕ್ಷಣದ ಆಚೆಗೆ ಬಾಳಿಲ್ಲ. ಇಂಥ ಆದರ್ಶಗಳನ್ನು ನೋಡಿ ಒಬ್ಬಾಕೆ ತನ್ನ ಇಷ್ಟವೇನೆಂದು ತಿಳಿದುಕೊಳ್ಳಬಹುದು. ಅವನ್ನು ತನ್ನ ಮೈಗೆ ವಿಧಿಸಿಕೊಳ್ಳುವ ಕಟ್ಟಳೆಯಾಗಿಸಬೇಕಿಲ್ಲ.

ಹಾಗೆಂದು ಇಂಪ್ಲಾಂಟ್ ಬೇಕೆನ್ನುವ ಹೆಣ್ಣನ್ನು ಹೀಗಳೆಯುವುದೂ ಸರಿಯಲ್ಲ. ನಮ್ಮಲ್ಲಿ ಈ ವಿಷಯದ ಚರ್ಚೆ ಒಂದೋ ನಗೆಯಾಡುವುದರಲ್ಲಿ ಮುಗಿಯುತ್ತದೆ, ಇಲ್ಲವೇ ಇದೆಲ್ಲ ಷೋಕಿ ಎಂಬ ತೀರ್ಪಿನಲ್ಲಿ. ಎರಡು ಸ್ತನಗಳ ನಡುವೆ ದೊಡ್ಡ ವ್ಯತ್ಯಾಸವಿದ್ದು ಹದಿಹರೆಯದಿಂದಲೂ ಮೈ ಮುಚ್ಚಿಕೊಂಡೇ ಬದುಕಿದವರಿದ್ದಾರೆ. ಮಕ್ಕಳಿಗೆ ಹಾಲೂಡಿಸಿದ ಮೇಲೆ ತನ್ನ ಮೈ ತನ್ನದಲ್ಲವೆನಿಸಿದವರಿದ್ದಾರೆ. ಅವರ ಬಯಕೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಆ ಬಯಕೆ ಅವರದೇ ಆಗಿರಬೇಕು. ಸಲಹೆಯ ಕೋಣೆಯಲ್ಲಿ “ಇನ್ನೂ ಸ್ವಲ್ಪ ದೊಡ್ಡದು ಮಾಡಿ ಡಾಕ್ಟ್ರೇ” ಎಂದು ಗಂಡ ಹೇಳುತ್ತಿದ್ದರೆ, ಅವನನ್ನು ಹೊರಗೆ ಕೂರಿಸಿ ಆಕೆಯೊಬ್ಬಳನ್ನೇ ಕೇಳುವುದು ಸರ್ಜನ್ನಿನ ಕರ್ತವ್ಯ. ಸರ್ಜನ್ನಿಗೂ ತನ್ನದೊಂದು ಅಭಿರುಚಿ ಇರುತ್ತದೆ, ಅದನ್ನು ವೈದ್ಯಕೀಯ ಸಲಹೆಯ ವೇಷದಲ್ಲಿ ದಾಟಿಸುವುದು ಸಲ್ಲದು. ಮೈಯ ಮಿತಿಯ ವಿಷಯದಲ್ಲಿ ಮಾತ್ರ ಆಗದು ಎನ್ನುವ ಹೊಣೆ ಅವರದು. ಆ ಆಗದು ಎನ್ನುವ ಮಾತು ಹೆಣ್ಣಿನ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಕೆಲವರು ವಾದಿಸಬಹುದು. ಕೇಳಿದ್ದನ್ನೆಲ್ಲ ಕೊಡುವವನು ಅಂಗಡಿಯವನು. ಮೈಯನ್ನು ಕೊಯ್ಯುವ ಕೈಗೆ ಅದಕ್ಕಿಂತ ಹೆಚ್ಚಿನ ಜವಾಬ್ದಾರಿಯಿದೆ.

ವಯಸ್ಸಿನ ಪ್ರಶ್ನೆಯೂ ಇದೇ ಸಾಲಿನದು. ಅಮೆರಿಕದಲ್ಲಿ 1992ರಿಂದ ತಡೆಹಿಡಿದಿದ್ದ ಸಿಲಿಕೋನ್ ಇಂಪ್ಲಾಂಟಿಗೆ 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಾಗ, ಗಾತ್ರ ಹೆಚ್ಚಿಸಿಕೊಳ್ಳಲು ಕನಿಷ್ಠ 22 ವರ್ಷವಾಗಿರಬೇಕೆಂದು ಎಫ್‌ಡಿಎ ಷರತ್ತು ಹಾಕಿತು. ಉಪ್ಪುನೀರು ತುಂಬಿದ ಇಂಪ್ಲಾಂಟಿಗೆ ಇದು 18. ಹದಿಹರೆಯ ದಾಟಿದ ಮೇಲೂ ಸ್ತನ ಬೆಳೆಯಬಹುದು. ಬಸಿರು, ತೂಕದ ಏರಿಳಿತ ಅದನ್ನು ಮತ್ತೆ ಬದಲಿಸುತ್ತವೆ. ಇನ್ನೂ ನೆಲೆಗೊಳ್ಳದ ಮೈಗೆ ಗಾತ್ರ ಗೊತ್ತುಮಾಡಲು ಅವಸರಪಡುವುದೇಕೆ?

ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರ ವಿಷಯದಲ್ಲಿ ಪ್ರಶ್ನೆಯ ರೂಪವೇ ಬೇರೆ. ಬೆಂಗಳೂರಿನ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ಕಿದ್ವಾಯಿಯಂಥ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಯಿಂದ ಬರುವವರಲ್ಲಿ ಹಲವರಿಗೆ ಸ್ತನವನ್ನು ಮತ್ತೆ ರೂಪಿಸಬಹುದು ಎಂಬ ಸುದ್ದಿಯೇ ಹೊಸದು. ಅಲ್ಲಿ ಗುರಿ ದೊಡ್ಡದಾಗುವುದಲ್ಲ, ಉಳಿದ ಇನ್ನೊಂದು ಸ್ತನಕ್ಕೆ ಹೊಂದುವುದು. ಮೊದಲು ಹಿಗ್ಗುವ ಚೀಲ ಇಟ್ಟು ಚರ್ಮವನ್ನು ನಿಧಾನವಾಗಿ ಸಡಿಲಿಸಿ ಆಮೇಲೆ ಇಂಪ್ಲಾಂಟ್ ಇಡುವುದುಂಟು. ರೇಡಿಯೇಷನ್ ಆಗಿದ್ದರೆ ಇಂಪ್ಲಾಂಟಿನ ಸುತ್ತಲಿನ ಕವಚ ಬಿಗಿದು ಗಟ್ಟಿಯಾಗುವ ಸಂಭವ ಹೆಚ್ಚು. ಅಂಥವರಿಗೆ ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಅಂಗಾಂಶದಿಂದಲೇ ಸ್ತನ ಕಟ್ಟುವುದು ಮೇಲಾಗಬಹುದು. ಏನೂ ಬೇಡ, ಹೀಗೇ ಇರುತ್ತೇನೆ ಎನ್ನುವುದು, ಬ್ರಾದೊಳಗೆ ಹೊರಗಿನ ಕೃತಕ ಸ್ತನ ತೊಡುವುದು ಇವೂ ಪೂರ್ಣ ಮರ್ಯಾದೆಯ ಆಯ್ಕೆಗಳೇ. ಅವನ್ನು ಹೇಳದೆ ಇಂಪ್ಲಾಂಟಿನ ಗಾತ್ರವನ್ನಷ್ಟೇ ಕೇಳುವುದು ಅರ್ಧ ಸತ್ಯ ಹೇಳಿದಂತೆ.

ಎಲ್ಲರಿಗೂ ಸಮಾನವಾದ ಸಂಗತಿಯೊಂದಿದೆ, ಅದು ಕಾಲ. ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ. ಗಾತ್ರ ಹೆಚ್ಚಿಸಿಕೊಳ್ಳಲು ಹಾಕಿಸಿಕೊಂಡವರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಮಂದಿ ಎಂಟರಿಂದ ಹತ್ತು ವರ್ಷದೊಳಗೆ ತೆಗೆಸಬೇಕಾಗಬಹುದು ಎಂದು ಎಫ್‌ಡಿಎ ಹೇಳಿದೆ. ಸಿಲಿಕೋನ್ ಚೀಲ ಸದ್ದಿಲ್ಲದೆ ಒಡೆಯಬಹುದಾದ್ದರಿಂದ ಐದಾರು ವರ್ಷದ ಮೇಲೆ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆನ್ನುವುದು ಅದರ ಸಲಹೆ. 2021ರಲ್ಲಿ ಅದು ಇಂಪ್ಲಾಂಟಿನ ಮೇಲೆ ಕಡ್ಡಾಯ ಎಚ್ಚರಿಕೆಯನ್ನೂ, ಶಸ್ತ್ರಚಿಕಿತ್ಸೆಗೆ ಮುನ್ನ ಒಂದೊಂದೇ ಅಂಶ ಓದಿ ಸಹಿ ಮಾಡುವ ಪಟ್ಟಿಯನ್ನೂ ತಂದಿತು. ಆದ್ದರಿಂದ ಇಪ್ಪತ್ತೈದರ ಹುಡುಗಿ ಆರಿಸುತ್ತಿರುವುದು ಒಂದೇ ಶಸ್ತ್ರಚಿಕಿತ್ಸೆಯನ್ನಲ್ಲ, ಬಾಳಿನುದ್ದಕ್ಕೂ ಬರಬಹುದಾದ ಎರಡನೆಯ, ಮೂರನೆಯ ಶಸ್ತ್ರಚಿಕಿತ್ಸೆಯನ್ನೂ ಅದರ ಖರ್ಚನ್ನೂ. ಗಾತ್ರ ಹೆಚ್ಚಾದಷ್ಟೂ ಆ ಮುಂದಿನ ಶಸ್ತ್ರಚಿಕಿತ್ಸೆಗಳು ಜಟಿಲ. ಎಲ್ಲಿ ಮಾಡಿಸುವುದು ಎಂಬುದೂ ಮುಖ್ಯ. 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡರು. ಅದು ಇಂಪ್ಲಾಂಟಿನ ಪ್ರಕರಣವಲ್ಲ. ಆದರೂ ಸೌಂದರ್ಯದ ಹೆಸರಿನಲ್ಲಿ ನಡೆಯುವುದೂ ಶಸ್ತ್ರಚಿಕಿತ್ಸೆಯೇ, ಅರಿವಳಿಕೆ ತಜ್ಞರೂ ತುರ್ತು ನಿಗಾ ಘಟಕವೂ ಇರುವ ಕಡೆ ಮಾತ್ರ ಮಾಡಿಸಬೇಕಾದದ್ದು ಎಂಬುದನ್ನು ಅದು ನಾಡಿಗೆ ನೆನಪಿಸಿತು.

ಹಾಗಾಗಿ ಎಷ್ಟು ಸಿಸಿ ಎಂಬ ಪ್ರಶ್ನೆ ಕೊನೆಯದಾಗಿ ಬರಲಿ. ಅದಕ್ಕೆ ಮೊದಲು ಕೇಳಬೇಕಾದವು ಬೇರೆ ಇವೆ. ನನ್ನ ಸ್ತನದ ಬುಡ ಎಷ್ಟು ಅಗಲ, ಮೇಲಿನ ಹೊದಿಕೆ ಎಷ್ಟು ದಪ್ಪ? ಅದರಿಂದ ನನಗೆ ಸಲ್ಲುವ ಗಾತ್ರ ಎಲ್ಲಿಂದ ಎಲ್ಲಿಯವರೆಗೆ? ಈ ಆಕಾರಕ್ಕೆ ಯಾವ ಮೈಯ ಇಂಪ್ಲಾಂಟ್ ಬೇಕಾಗುತ್ತದೆ, ಯಾಕೆ? ಹತ್ತು ವರ್ಷದ ಮೇಲೆ ತೆಗೆಸಿದರೆ ನನ್ನ ಮೈ ಹೇಗಿರುತ್ತದೆ? ಇವಕ್ಕೆ ಅಂಕಿಗಳಲ್ಲಿ, ನೇರವಾಗಿ ಉತ್ತರಿಸುವ ಸರ್ಜನ್ ಸಿಕ್ಕರೆ ಉಳಿದ ತೀರ್ಮಾನ ಸುಲಭ. ಉತ್ತರ ಕೇಳಿದ ಮೇಲೆ ಬೇಡ ಎನ್ನಿಸಿದರೆ ಎದ್ದು ಬರುವ ಸ್ವಾತಂತ್ರ್ಯವೂ ಅದೇ ಆಯ್ಕೆಯ ಭಾಗ. ಬೇಕು ಎನ್ನಿಸಿದರೆ ಆ ವ್ಯಾಪ್ತಿಯೊಳಗೆ ಯಾವುದೆಂದು ಹೇಳುವ ಹಕ್ಕು ಆಕೆಯದು, ಯಾರಿಗೂ ಕಾರಣ ಹೇಳಬೇಕಾದ ಹಂಗು ಆಕೆಗಿಲ್ಲ.